ಏಳು ಸ್ಪರ್ಧೆಗಳ ಸಾಧಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತಾಲೂಕು ಕ್ರೀಡಾಕೂಟಗಳನ್ನು ನೀವು ನೋಡಿರಬಹುದು. ಓಟದಲ್ಲಿ ಗೆದ್ದ ವಿದ್ಯಾರ್ಥಿನಿಯೇ ಒಮ್ಮೊಮ್ಮೆ ಉದ್ದ ಜಿಗಿತದಲ್ಲಿಯೂ ಬಹುಮಾನ ಪಡೆಯುವುದುಂಟು. ಆದರೆ ಅವಳೇ ಗುಂಡನ್ನೂ ಎಸೆದು ಗೆಲ್ಲುವುದು ಅಪರೂಪ. ಗುಂಡೆಸೆತಕ್ಕೆ ಮೈಯಲ್ಲಿ ತೂಕ ಬೇಕು. ದೂರದ ಓಟಕ್ಕೆ ಆ ತೂಕವೇ ಹೊರೆ. ಪರಸ್ಪರ ವಿರುದ್ಧವಾದ ಇಂತಹ ಸಾಮರ್ಥ್ಯಗಳನ್ನು ಒಬ್ಬರಲ್ಲಿಯೇ ಪರೀಕ್ಷಿಸುವ ಸ್ಪರ್ಧೆಗಳು ಉಂಟು. ಪುರುಷರಿಗೆ ಹತ್ತು ಸ್ಪರ್ಧೆಗಳ ಡೆಕಾಥ್ಲಾನ್. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ ಥಾರ್ಪ್ ಅದನ್ನು ಗೆದ್ದು ಲೋಕಪ್ರಸಿದ್ಧರಾದರು. ಮಹಿಳೆಯರಿಗೆ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್. ಅದು ಒಲಿಂಪಿಕ್ಸನ್ನು ಸೇರಿದ್ದು 1984ರಲ್ಲಿ.

ಈ ಕಠಿಣ ಸ್ಪರ್ಧೆಯಲ್ಲಿ ಹೆಸರು ಗಳಿಸಿದ ಜೆ. ಜೆ. ಶೋಭಾ ನಮ್ಮ ನೆರೆಯ ಧಾರವಾಡ ಜಿಲ್ಲೆಯವರು. ಅವರು 1978ರಲ್ಲಿ ಪಶುಪತಿಹಾಳದಲ್ಲಿ ಜನಿಸಿದರು. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕವನ್ನೂ, ಮರುವರ್ಷ ಹೈದರಾಬಾದಿನಲ್ಲಿ ನಡೆದ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕವನ್ನೂ ಪಡೆದರು. 2004ರ ಮಾರ್ಚಿಯಲ್ಲಿ ದೆಹಲಿಯಲ್ಲಿ 6211 ಅಂಕಗಳ ರಾಷ್ಟ್ರೀಯ ದಾಖಲೆ ಸ್ಥಾಪಿಸಿದರು. ಮುಂದಿನ ಎರಡು ದಶಕಗಳ ಕಾಲ ಭಾರತದ ಯಾವ ಸ್ಪರ್ಧಿಯೂ ಅದನ್ನು ಮೀರಲಿಲ್ಲ.

ಅಂಕಗಳೆಂದರೇನು? ಹೆಪ್ಟಾಥ್ಲಾನ್ ಎರಡು ದಿನ ನಡೆಯುತ್ತದೆ. ಮೊದಲ ದಿನ ನೂರು ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡೆಸೆತ, ಇನ್ನೂರು ಮೀಟರ್ ಓಟ. ಎರಡನೆಯ ದಿನ ಉದ್ದ ಜಿಗಿತ, ಜಾವೆಲಿನ್ ಎಸೆತ, ಎಂಟುನೂರು ಮೀಟರ್ ಓಟ. ಓಟದ ಕಾಲವನ್ನೂ ಜಿಗಿತ, ಎಸೆತಗಳ ಅಳತೆಯನ್ನೂ ನಿಗದಿಯಾದ ಸೂತ್ರದಂತೆ ಅಂಕಗಳಾಗಿಸಿ ಕೂಡುತ್ತಾರೆ. ಯಾವುದೇ ಒಂದು ಸ್ಪರ್ಧೆಗೆ ಇಳಿಯದಿದ್ದರೂ ಅಂತಿಮ ಪಟ್ಟಿಯಲ್ಲಿ ಸ್ಥಾನವಿಲ್ಲ. ನಿಯಮ ನಿಷ್ಠುರವಾದುದು; ಆರು ಸ್ಪರ್ಧೆಗಳ ಶ್ರಮವನ್ನು ಅದು ಗಣಿಸುವುದಿಲ್ಲ.

2004ರ ಆಗಸ್ಟಿನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಶೋಭಾ ಅವರಿಗೆ ಎದುರಾದದ್ದು ಇದೇ ಇಕ್ಕಟ್ಟು. ಆರನೆಯದಾದ ಜಾವೆಲಿನ್ ಎಸೆತದ ವೇಳೆ ಅವರ ಕಣಕಾಲಿಗೆ ಪೆಟ್ಟಾಯಿತು. ಸ್ಟ್ರೆಚರ್ ಮೇಲೆ ಅವರನ್ನು ಮೈದಾನದಿಂದ ಹೊರಗೆ ಒಯ್ದರು. ಉಳಿದಿದ್ದುದು ಒಂದೇ ಸ್ಪರ್ಧೆ, ಅದೂ ಓಟ. ಕೈಗೆ ಪೆಟ್ಟಾಗಿದ್ದರೆ ಹೇಗೋ ಓಡಬಹುದಿತ್ತು, ಪೆಟ್ಟಾಗಿದ್ದುದು ಕಾಲಿಗೆ. ಪದಕದ ಆಸೆಯೂ ಇರಲಿಲ್ಲ. ಸ್ವೀಡನ್ನಿನ ಕರೋಲಿನಾ ಕ್ಲುಫ್ಟ್ ಬಹು ಮುಂದಿದ್ದರು. ಆದರೂ ಶೋಭಾ ಕಣಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಂಡು ಮೈದಾನಕ್ಕೆ ಮರಳಿದರು. ಎರಡು ಸುತ್ತುಗಳನ್ನು ಪೂರ್ಣವಾಗಿ ಓಡಿದರು. ಒಟ್ಟು 6172 ಅಂಕಗಳೊಂದಿಗೆ ಹನ್ನೊಂದನೆಯ ಸ್ಥಾನ ಅವರದಾಯಿತು.

ಅವರಿಗೆ 2004ನೆಯ ಸಾಲಿನ ಅರ್ಜುನ ಪ್ರಶಸ್ತಿ ಸಂದಿತು. 2006ರಲ್ಲಿ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಮತ್ತೆ ಅದೇ ಏಳು ಸ್ಪರ್ಧೆಗಳಿಗೆ ಇಳಿದು, ಮತ್ತೊಂದು ಕಂಚಿನ ಪದಕದೊಡನೆ ಮರಳಿದರು.