ಬೂದಿ ಬರೆದ ಬಣ್ಣ

ಒಲೆಯ ಮುಂದೆ ದುಡಿದವರಿಗೆ ಬೂದಿಯೆಂದರೆ ಬಾಚಿ ಚೆಲ್ಲತಕ್ಕ ವಸ್ತು; ಹೆಚ್ಚೆಂದರೆ ಪಾತ್ರೆ ತಿಕ್ಕಲು ಒದಗೀತು. ಜಪಾನ್ ದೇಶದ ಶಿಗರಾಕಿ, ಇಗಾ, ಬಿಜೆನ್ ಸೀಮೆಗಳ ಕುಂಬಾರರಿಗಾದರೋ ಅದೇ ಅಲಂಕಾರದ್ರವ್ಯವು. ಅವರ ಹೂದಾನಿಗಳ ಹೆಗಲಿನಿಂದ ಹಸುರು ಗಾಜಿನಂತೆ ಇಳಿದು ನಿಂತಿರುವ ಮೆರುಗನ್ನು ಯಾವ ಕೈಯೂ ಕುಂಚ ಹಿಡಿದು ಬಳಿದುದಲ್ಲ.

ಇಳಿಜಾರಿನಲ್ಲಿ ಸುರಂಗದಂತೆ ಕಟ್ಟಿದ ಆವಿಗೆಗೆ ‘ಅನಗಾಮ’ ಎಂದು ಹೆಸರು. ಅದರ ಬಾಯಿಗೆ ಪೈನ್ ಮರದ ಸೌದೆಯನ್ನು ಹಗಲಿರುಳು ಒಡ್ಡುತ್ತಾರೆ. ಜ್ವಾಲೆಯೊಡನೆ ಹಾರುವ ಬೂದಿಯು ಬೆಂಕಿಗೆ ಎದುರಾದ ಪಾತ್ರೆಗಳ ಮೇಲೆ ಕುಳಿತುಕೊಳ್ಳುತ್ತದೆ. ಶಾಖವು 1200 ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ, ಬೂದಿಯ ಸುಣ್ಣವೂ ಕ್ಷಾರವೂ ಮಣ್ಣಿನ ಸಿಲಿಕದೊಡನೆ ಕರಗಿ ಗಾಜಾಗುತ್ತವೆ. ಪೂರ್ತಿ ಕರಗದೆ ಚುಕ್ಕೆಚುಕ್ಕೆಯಾಗಿ ಉಳಿದರೆ ಬಿಜೆನ್ನಿನವರು ಅದನ್ನು ‘ಗೋಮ’ ಎನ್ನುವರು, ಎಂದರೆ ಎಳ್ಳು. ಅಡಿಗೆಮನೆ ಬಲ್ಲವರು ಇಟ್ಟ ಹೆಸರೇ ಇರಬೇಕು!

ಇವು ಮೊದಲು ಅರಮನೆಯ ಸೊತ್ತಾಗಿರಲಿಲ್ಲ. ರೈತರು ಕಾಳುಕಡಿ ತುಂಬಿಡುತ್ತಿದ್ದ ಒರಟು ಜಾಡಿಗಳೂ ಇವುಗಳಲ್ಲಿದ್ದವು. 16ನೆಯ ಶತಮಾನದ ಚಹಾ ಗುರುಗಳು, ಸೆನ್ ನೊ ರಿಕ್ಯು (1522–1591) ಮೊದಲಾದವರು, ನುಣುಪಿಗಿಂತ ಒರಟಿನಲ್ಲಿ ಸೊಗಸು ಕಂಡರು. ಶಿಗರಾಕಿಯ ಗಿಡ್ಡ ಜಾಡಿಯೊಂದು ಬಗೆ ಚಹಾಕೋಣೆಯ ಹೂದಾನಿಯಾಯಿತು. ಕುಕ್ಕರುಗಾಲಿನಲ್ಲಿ ಕುಳಿತವನಂತೆ ತೋರುವುದರಿಂದ ಅದಕ್ಕೆ ‘ಉಜುಕುಮಾರು’ ಎಂಬ ಹೆಸರು ಬಂದಿತು. ಟೋಕಿಯೋದ ಗೋತೋ ವಸ್ತುಸಂಗ್ರಹಾಲಯದಲ್ಲಿರುವ ಇಗಾದ ನೀರಿನ ಜಾಡಿಯಂತೂ ಬೆಂಕಿಯಲ್ಲಿ ಕುಸಿದು, ಬುಡ ಬಿರಿದಿದೆ. ‘ಹರಿದ ಚೀಲ’ ಎಂಬುದು ಅದರ ಹೆಸರು. ಅದು ರಾಷ್ಟ್ರದ ಮುಖ್ಯ ಸಾಂಸ್ಕೃತಿಕ ಆಸ್ತಿಗಳಲ್ಲೊಂದು.

ಒಡಕನ್ನು ಕೊಂಡಾಡುವುದು ಉಳ್ಳವರ ಹುಚ್ಚೆಂದೇ ನಾವು ಮೊದಲು ಎಣಿಸಿದ್ದೆವು. ಅದರ ಹಿಂದಿನ ದುಡಿಮೆಯನ್ನು ಅರಿತ ಮೇಲೆ ಹಾಗೆನ್ನಲು ನಾಲಗೆ ಬಾರದು. ಬಿಜೆನ್ನಿನಲ್ಲಿ ಒಂದು ಆವಿಗೆ 10ರಿಂದ 14 ದಿನ ಉರಿಯುವುದುಂಟು. ಕೆಲಸದವರು ಪಾಳಿಯ ಮೇಲೆ ನಿದ್ದೆಗೆಟ್ಟು, ಜ್ವಾಲೆಯ ಬಣ್ಣ ನೋಡಿ ಸೌದೆ ಎಸೆಯಬೇಕು. ಅವಸರಪಟ್ಟರೆ ಮಣ್ಣು ಸಿಡಿಯುವುದು. ಉದಾಸೀನ ಮಾಡಿದರೆ ಬೂದಿ ಕರಗದು. ಈ ಕಷ್ಟದ ಕಸುಬು ಕ್ಷೀಣಿಸಿದ್ದ ಕಾಲದಲ್ಲಿ ಹಳೆಯ ಬಿಜೆನ್ನಿನ ಮರ್ಮವನ್ನು ಹುಡುಕಿ ತೆಗೆದ ಕನೆಶಿಗೆ ತೋಯೋ ಅವರನ್ನು ಜಪಾನ್ ಸರಕಾರವು 1956ರಲ್ಲಿ ‘ಜೀವಂತ ರಾಷ್ಟ್ರನಿಧಿ’ಯೆಂದು ಮನ್ನಿಸಿತು.

ಉರಿ ನಿಂತ ಮೇಲೂ ಕಾಯುವುದು ತಪ್ಪದು. ಆವಿಗೆ ತಣಿಯಲು ಮತ್ತೆ ಹಲವು ದಿನ ಬೇಕು. ಮುಚ್ಚಿದ ಬಾಯನ್ನು ಒಡೆಯುವವರೆಗೆ, ತಿಂಗಳುಗಟ್ಟಲೆಯ ದುಡಿಮೆಯಲ್ಲಿ ಯಾವ ಪಾತ್ರೆ ಉಳಿಯಿತು, ಯಾವುದು ಹೋಯಿತು ಎಂಬುದು ಅದನ್ನು ಮಾಡಿದವನಿಗೂ ತಿಳಿಯದು.