ಗೋಸುಂಬೆಯ ಮೊಟ್ಟೆ

ಮೊಟ್ಟೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೋಳಿಯ ಕಾವು. ಕೋಳಿಯು ಕಾವಿಗೆ ಕುಳಿತಾಗ ದಿನವೂ ಹಲವು ಬಾರಿ ಮೊಟ್ಟೆಗಳನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಪಿಂಡವು ಚಿಪ್ಪಿನ ಪೊರೆಗೆ ಅಂಟಿ ಕೆಡುವುದುಂಟು. ಈ ತಿಳಿವನ್ನೇ ಗೋಸುಂಬೆಯ, ಎಂದರೆ ಊಸರವಳ್ಳಿಯ ಮೊಟ್ಟೆಗೂ ಅನ್ವಯಿಸಿದರೆ, ಮಾಡಿದ ಉಪಕಾರವೇ ಅದಕ್ಕೆ ಮೃತ್ಯುವಾದೀತು.

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ವರವು ಕಾವಲಿನಂತಹ ಕುರುಚಲು ಹುಲ್ಲುಗಾವಲು ಈ ಪ್ರಾಣಿಗೆ ಒಪ್ಪುವ ನೆಲ. ಅಲ್ಲಿ ಮಳೆ ಬಹು ಕಡಮೆ, ಮರಗಳು ವಿರಳ. ಗೋಸುಂಬೆ ಬಾಳುವುದು ಗಿಡಪೊದೆಗಳ ಮೇಲೆ. ಹೆಣ್ಣು ನೆಲವನ್ನು ಅಗೆಯುವುದು ಮೊಟ್ಟೆಗಾಗಿ ಮಾತ್ರ. ಬಿಲ ತೋಡಿ, ಹತ್ತಿಪ್ಪತ್ತು, ಕೆಲವೊಮ್ಮೆ ಮೂವತ್ತರವರೆಗೂ ಮೊಟ್ಟೆಗಳನ್ನಿಟ್ಟು, ಮಣ್ಣೆಳೆದು ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಬಿಳಿಯ ಮೊಟ್ಟೆ, ಹೆಚ್ಚುಕಡಮೆ ಕಡಲೆಕಾಯಿ ಬೀಜದ ಗಾತ್ರ. ಕಡಲೆಕಾಯಿ ಬೆಳೆಯುವ ಆ ಸೀಮೆಯವರಿಗೆ ಬೇರೆ ಹೋಲಿಕೆ ಬೇಕಿಲ್ಲ!

ಕೋಳಿಮೊಟ್ಟೆಯ ಚಿಪ್ಪು ಗಡುಸು. ಇದರದು ತೊಗಲಿನಂತೆ ಮೆತ್ತಗೆ. ಸುತ್ತಣ ಮಣ್ಣಿನ ತೇವವನ್ನು ಹೀರಿಕೊಂಡು ಮೊಟ್ಟೆ ದಿನದಿನಕ್ಕೆ ಉಬ್ಬುತ್ತದೆ. ತೇವ ಸಾಲದಿದ್ದರೆ ತಗ್ಗುಬಿದ್ದು ಬಾಡುತ್ತದೆ. ನೀರು ನಿಂತರೆ ಒಳಗಿನ ಜೀವ ಉಸಿರುಗಟ್ಟುತ್ತದೆ. ಕೋಳಿಮೊಟ್ಟೆಯೊಳಗೆ ಹಳದಿಯನ್ನು ಎರಡು ಕಡೆಯಿಂದ ಹಿಡಿದಿರುವ ಹುರಿಗಳಿವೆ. ಆದುದರಿಂದ ಮೊಟ್ಟೆ ಹೊರಳಿದರೂ ಪಿಂಡವು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಹಲ್ಲಿ ಹಾವುಗಳ ವರ್ಗದ ಮೊಟ್ಟೆಗಳಲ್ಲಿ ಆ ಹುರಿಗಳಿಲ್ಲ. ಪಿಂಡವು ಮೇಲ್ಭಾಗದ ಪೊರೆಗೆ ಹತ್ತಿಕೊಂಡು ಬೆಳೆಯುತ್ತದೆ. ತಲೆಕೆಳಗಾದರೆ ಹಳದಿಯ ಭಾರಕ್ಕೆ ಸಿಕ್ಕಿ ಸಾಯಬಹುದು. ಆಗತಾನೆ ಇಟ್ಟ ಮೊಟ್ಟೆಗೆ ಈ ಭಯ ಕಡಮೆಯೆನ್ನುವುದುಂಟು. ಆದರೆ ಸಿಕ್ಕಿದ ಮೊಟ್ಟೆ ಎಷ್ಟು ದಿನದ್ದೆಂದು ಹೊರಗಿನಿಂದ ನೋಡಿ ಹೇಳಬಲ್ಲವರಾರು?

ಈ ಕಾಯುವಿಕೆ ವಾರಗಳದಲ್ಲ, ತಿಂಗಳುಗಳದು. ಮಡಗಾಸ್ಕರ್ ದ್ವೀಪದ ಒಂದು ಜಾತಿಯಂತೂ ಎಂಟೊಂಬತ್ತು ತಿಂಗಳು ಮೊಟ್ಟೆಯಾಗಿದ್ದು, ಹೊರಬಂದ ಮೇಲೆ ನಾಲ್ಕೈದು ತಿಂಗಳು ಮಾತ್ರ ಬದುಕುವುದೆಂದು 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದರ ಆಯುಸ್ಸಿನ ಹೆಚ್ಚು ಭಾಗ ಮಣ್ಣಿನಲ್ಲಿಯೇ ಕಳೆಯಿತು.

ಹಾಗಾದರೆ ಆರೈಕೆ ಯಾವುದು? ಕದಲಿಸದಿರುವುದೇ. ಅಗೆದು ಮನೆಗೊಯ್ಯುವುದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಪ್ರಾಣಿಗೆ ರಕ್ಷಣೆ ಕೊಟ್ಟಿದೆ. ಗುದ್ದಲಿಗೆ ಅಕಸ್ಮಾತ್ತಾಗಿ ಮೊಟ್ಟೆಗಳು ಸಿಕ್ಕಿದರೆ ಕೆಲಸ ನಿಲ್ಲಿಸಿ, ಬಿಸಿಲು ತಾಗದಂತೆ ಮರೆಮಾಡಿ, ಯಾವ ಮೈ ಮೇಲಿತ್ತೋ ಅದೇ ಮೈ ಮೇಲಿರುವಂತೆ ಅದೇ ಆಳದಲ್ಲಿಟ್ಟು ಅದೇ ಮಣ್ಣನ್ನು ಸಡಿಲವಾಗಿ ಮುಚ್ಚತಕ್ಕುದು. ನೀರು ಹೊಯ್ಯಬಾರದು. ಅಲ್ಲಿಯೇ ಬಿಡಲು ಸಾಧ್ಯವಿಲ್ಲವಾದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು.

ಕಾವಲು ಎಂಬ ಹೆಸರೇ ನಮಗೆ ಬಹಳ ಹಳೆಯದು. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಅದರ ದನಗಳಿಗಾಗಿ ಕಾದಿಟ್ಟ ಹುಲ್ಲುನೆಲಗಳೇ ಈ ಕಾವಲುಗಳು. ನೇಗಿಲು ತಾಗದಿದ್ದುದರಿಂದ, ದನಕ್ಕೆ ಮೀಸಲಾದ ನೆಲ ಮಣ್ಣಿನೊಳಗಣ ಜೀವಗಳಿಗೂ ಆಸರೆಯಾಯಿತು. ವರವು ಕಾವಲಿನ ನಾಲ್ಕು ಸಾವಿರ ಎಕರೆಗೂ ಮಿಕ್ಕ ನೆಲ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿ, 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ನೆಲೆ ಆರಂಭವಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ರೆಕ್ಕೆಯುಳ್ಳ ವಾಹನವು ಅಲ್ಲಿನ ಓಡುದಾರಿಯ ಮೇಲೆ ತಾನಾಗಿಯೇ ಇಳಿಯಿತು. ಅದು ಹೆಮ್ಮೆಯ ವಿಷಯವೇ. ಆದರೆ ಓಡುದಾರಿಯ ಕೆಳಗೆ ಗೋಸುಂಬೆ ಬಿಲ ತೋಡಲಾರದು.

ನನಗೆ ಇನ್ನೂ ಹೆಚ್ಚಿನ ಆತಂಕ ಹುಟ್ಟಿಸುವುದು, ಹುಲ್ಲುಗಾವಲನ್ನು ಬಂಜರೆಂದು ಬಗೆದು ಸಸಿ ನೆಡಲು ಸಾಲುಸಾಲಾಗಿ ಗುಂಡಿ ತೋಡುವ ಉತ್ಸಾಹ. ಅಗೆಯುವ ಕೈಗಳಿಗೆ ಬಿಳಿಯ ಮೊಟ್ಟೆಯ ಗುರುತನ್ನು ಕೆಲಸಕ್ಕೆ ಮೊದಲೇ ಹೇಳಿಡಬೇಕು; ಮಣ್ಣು ಮೇಲೆ ಬಂದ ಅನಂತರ ಹೇಳಿದರೆ ಆ ಹೊತ್ತಿಗೆ ಮೊಟ್ಟೆಗಳು ಹೊರಳಿಯಾಗಿರುತ್ತವೆ.