ಲ್ಯಾಕ್ಟಿಕ್ ಆಮ್ಲದ ಮೇಲೆ ಹೊರಿಸಿದ ತಪ್ಪು

ಜೋರಾಗಿ ಓಡಿದ ಮರುದಿನ ತೊಡೆ ಹಿಡಿದುಕೊಂಡರೆ ‘ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ’ ಎನ್ನುವುದು ಮೈದಾನದಲ್ಲೂ ಜಿಮ್‌ನಲ್ಲೂ ರೂಢಿಯ ಮಾತು. ಮೊಸರನ್ನು ಹುಳಿಯಾಗಿಸುವ ಆಮ್ಲವೇ ಇದು. 1780ರಲ್ಲಿ ಕಾರ್ಲ್ ಶೀಲೆ ಇದನ್ನು ಹುಳಿತ ಹಾಲಿನಲ್ಲಿ ಕಂಡ. 1907ರಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ದಣಿದ ಕಪ್ಪೆಯ ಸ್ನಾಯುವಿನಲ್ಲಿ ಅದು ಸೇರಿಕೊಳ್ಳುವುದನ್ನು ತೋರಿಸಿದರು. ದಣಿದ ಕಡೆ ಸಿಕ್ಕಿತೆಂಬ ಕಾರಣಕ್ಕೇ ದಣಿವಿನ ಅಪವಾದವೂ ಅದಕ್ಕೆ ಅಂಟಿತು. ಆದರೆ ನಾನೂರು ಮೀಟರ್ ಓಟದಲ್ಲಿ ನಡೆಯುವುದನ್ನು ನೋಡಿ. ಸ್ನಾಯು ಸಂಕುಚಿಸಲು ಎಟಿಪಿ ಎಂಬ ಶಕ್ತಿಯ ಅಣು ಬೇಕು. ಅದರ ದಾಸ್ತಾನು ಎರಡು ಮೂರು ಸೆಕೆಂಡಿಗೆ ಮುಗಿಯುತ್ತದೆ, ಕ್ರಿಯಾಟಿನ್ ಫಾಸ್ಫೇಟ್ ಸುಮಾರು ಹತ್ತು ಸೆಕೆಂಡು ಕೈಹಿಡಿಯುತ್ತದೆ. ಆಮೇಲೆ ಹೆಚ್ಚಿನ ಭಾರ ಹೊರುವುದು ಸ್ನಾಯುವಿನಲ್ಲೇ ಗ್ಲೈಕೋಜನ್ ಆಗಿ ಕೂಡಿಟ್ಟ ಸಕ್ಕರೆ. ಆಮ್ಲಜನಕದೊಂದಿಗೆ ಪೂರ್ತಿ ಉರಿದರೆ ಒಂದು ಗ್ಲೂಕೋಸ್ ಅಣು ಸುಮಾರು 30 ಎಟಿಪಿ ಕೊಡುತ್ತದೆ, ಅವಸರದ ಅಡ್ಡದಾರಿಯಲ್ಲಿ ಕೇವಲ 2. ಆದರೂ ಅಡ್ಡದಾರಿ ಬಹಳ ವೇಗದ್ದು. ಅದು ತೆರೆದಿರಬೇಕಾದರೆ ಎನ್‌ಎಡಿ ಎಂಬ ಸಹಾಯಕ ಅಣು ಮತ್ತೆ ಮತ್ತೆ ಬಿಡುಗಡೆಯಾಗಬೇಕು. ಸಕ್ಕರೆ ಒಡೆದು ಬಂದ ಪೈರುವೇಟ್, ಲ್ಯಾಕ್ಟೇಟ್ (ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ಆಗಿ ಬದಲಾಗುವಾಗ ಆಗುವ ಕೆಲಸ ಇದೇ. ಅಂದರೆ ಲ್ಯಾಕ್ಟೇಟ್ ಓಟವನ್ನು ಉಳಿಸುತ್ತಿದೆ.

ಹಾಗಾದರೆ ಕೊನೆಯ ನೂರು ಮೀಟರಿನ ಉರಿ ಸುಳ್ಳೇ, ಸ್ನಾಯು ಆಮ್ಲೀಯವಾಗುವುದಿಲ್ಲವೇ ಎಂದು ಕೇಳಬಹುದು. ಉರಿ ನಿಜ, ಆಮ್ಲೀಯತೆ ಏರುವುದೂ ನಿಜ. ಆ ಹೈಡ್ರೋಜನ್ ಅಯಾನುಗಳು ಎಲ್ಲಿಂದ ಬರುತ್ತವೆಂಬ ಬಗ್ಗೆ ತಜ್ಞರಲ್ಲಿ ವಾದವಿದೆ. ಪೈರುವೇಟ್ ಲ್ಯಾಕ್ಟೇಟ್ ಆಗುವ ಹಂತವಂತೂ ಒಂದು ಅಯಾನನ್ನು ಹೀರಿಕೊಳ್ಳುತ್ತದೆ. ನನಗೆ ಹೆಚ್ಚು ಬಲವಾಗಿ ಕಾಣುವ ಸಾಕ್ಷ್ಯ ಬೇರೆ: ಬ್ರಯಾನ್ ಮ್ಯಾಕ್‌ಆರ್ಡಲ್ 1951ರಲ್ಲಿ ವಿವರಿಸಿದ ಕಾಯಿಲೆ. ಅದಿರುವವರ ಸ್ನಾಯು ತನ್ನ ಗ್ಲೈಕೋಜನ್ ಒಡೆಯಲಾರದು, ಶ್ರಮಪಟ್ಟರೂ ಲ್ಯಾಕ್ಟೇಟ್ ಏರುವುದಿಲ್ಲ. ಆದರೂ ಅವರು ಇತರರಿಗಿಂತ ಬೇಗ ದಣಿಯುತ್ತಾರೆ, ಸ್ನಾಯು ಸೆಟೆದು ನೋಯುತ್ತದೆ.

ಮರುದಿನದ ನೋವಿನ ಲೆಕ್ಕವಂತೂ ಕೂಡುವುದೇ ಇಲ್ಲ. ಓಟ ನಿಂತು ಒಂದೆರಡು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ನೋವು ಹೆಚ್ಚುವುದು ಒಂದೆರಡು ದಿನ ಬಿಟ್ಟು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಲ್ಯಾಕ್ಟೇಟ್ ಏರುತ್ತದೆ. ಆರಾಮಾಗಿ ಇಳಿಯುವಾಗ ಅಷ್ಟಿಲ್ಲ. ಆದರೆ ಮೂರು ದಿನ ತೊಡೆ ಕಾಡುವುದು ಇಳಿದದ್ದಕ್ಕೇ, ಏಕೆಂದರೆ ಭಾರ ತಡೆಯುತ್ತ ಹಿಗ್ಗುವ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಘಾಸಿಗೊಳ್ಳುತ್ತವೆ. ಹಿತವೆನಿಸಿದರೆ ಮಸಾಜ್ ಮಾಡಿಸಿಕೊಳ್ಳಿ. ಆದರೆ ಆಮ್ಲ ಹಿಂಡಿ ತೆಗೆಯುತ್ತೇವೆಂದು ಹಣ ಕೇಳಿದರೆ ಕೊಡಬೇಡಿ. ನಿಮ್ಮ ಹೃದಯ ಅದನ್ನು ಉರಿಸಿ, ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡಿ ಹಿಂದಿನ ದಿನವೇ ಮುಗಿಸಿವೆ.